ಸಿಹಿನೀರು ಕುಡಿಯದ ಕಲ್ಲು

ಆ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳುವವರು ನಮ್ಮ ನೆಂಟರಲ್ಲಿ ಈಗಲೂ ಇದ್ದಾರೆ. ಮದುವೆಮನೆಯಲ್ಲಿ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತ, 'ಇವ್ಳು ಹಟ ಮಾಡಿ ಕೆಲಸ ಕಳ್ಕಂಡೋಳು' ಎಂದು ಹೊಸಬರಿಗೆ ನನ್ನ ಪರಿಚಯ ಮಾಡಿಕೊಡುತ್ತಾರೆ. ಮಾಡಿಕೊಡಲಿ. ನಡೆದದ್ದೇನೆಂದು ಅವರಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿಲ್ಲ, ಕೇಳುವ ತಾಳ್ಮೆಯೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ರಾಜಾಜಿನಗರ ಆಗಿನ್ನೂ ಊರು ಅನ್ನಿಸಿಕೊಂಡಿರಲಿಲ್ಲ. ಅಳೆದು ನೆಟ್ಟ ಸೈಟುಕಲ್ಲುಗಳು, ನಡುನಡುವೆ ರಾಗಿಹೊಲದ ಕೂಳೆ, ಅಲ್ಲೊಂದು ಇಲ್ಲೊಂದು ಹೊಸ ಮನೆ. ನಾವು ಚಿತ್ರದುರ್ಗದ ಕಡೆಯಿಂದ ಬಂದವರು. ಅಪ್ಪನಿಗೆ ಬಟ್ಟೆ ಗಿರಣಿಯಲ್ಲಿ ಕೆಲಸ. ಸರ್ಕಾರ ಕಟ್ಟಿಸಿದ ಸಾಲುಮನೆಗಳಲ್ಲಿ ಒಂದು ನಮ್ಮ ಪಾಲಿಗೆ ಬಂದಿತ್ತು. ನಾನು ಒಬ್ಬಳೇ ಮಗಳು, ಬಿ.ಎಸ್ಸಿ. ಮುಗಿಸಿದ್ದೆ. ಹೆಣ್ಣುಹುಡುಗಿ ಇಷ್ಟೆಲ್ಲ ಓದಿ ಏನು ಮಾಡುತ್ತಾಳೆ ಎಂದು ಬೀದಿಗೆ ಬೀದಿಯೇ ತಲೆ ಕೆಡಿಸಿಕೊಂಡಿದ್ದ ಹೊತ್ತಿನಲ್ಲಿ, ಕಾರ್ಖಾನೆಗಳ ಶೆಡ್ಡುಗಳ ಸಾಲಿನಲ್ಲಿದ್ದ ಒಂದು ಸಣ್ಣ ಪರೀಕ್ಷಾಲಯದಲ್ಲಿ ಸಹಾಯಕಿಯಾಗಿ ಸೇರಿಕೊಂಡೆ. ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ.

ಪರೀಕ್ಷಾಲಯದ ಯಜಮಾನರು ಇಲಾಖೆಯೊಂದರಿಂದ ನಿವೃತ್ತರಾದ ರಸಾಯನಶಾಸ್ತ್ರಜ್ಞರು. ಎಲ್ಲರಿಗೂ ಅವರು 'ಸಾರ್'. ಇಲ್ಲೂ ಹಾಗೆಯೇ ಕರೆಯುತ್ತೇನೆ. ಸಾಬೂನು, ಸುಣ್ಣ, ಇಟ್ಟಿಗೆ, ಯಂತ್ರದ ಎಣ್ಣೆ, ಯಾರು ಏನು ತಂದರೂ ಪರೀಕ್ಷೆ ಮಾಡಿ ವರದಿ ಕೊಡುತ್ತಿದ್ದೆವು. ಸಾರ್ ಕೆಲಸದಲ್ಲಿ ಗಟ್ಟಿಗರು, ಸುಳ್ಳು ಯಾಕೆ ಹೇಳಲಿ. ಆದರೆ ಶುಚಿಯ ವಿಷಯದಲ್ಲಿ ಅವರಿಗೊಂದು ಹುಚ್ಚು. ಬಟ್ಟಿ ಇಳಿಸಿದ ನೀರನ್ನು ದೊಡ್ಡ ಗಾಜಿನ ಜಾಡಿಯಲ್ಲಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಕಪಾಟಿನ ಮೇಲೆ ಇಟ್ಟಿದ್ದರು. ಮನೆಯಲ್ಲಿ ಮಡಿನೀರು ಹೇಗೋ ಇಲ್ಲಿ ಅದು ಹಾಗೆ, ಅವರ ಹೊರತು ಬೇರೆ ಯಾರೂ ಮುಟ್ಟುವಂತಿಲ್ಲ. ನನಗೆ ಬೇಕಾದಾಗ ಪಾತ್ರೆ ಹಿಡಿದು ಒಂದು ಮಾರು ದೂರ ನಿಲ್ಲಬೇಕು, ಅವರು ಮೇಲಿಂದ ಹೊಯ್ಯಬೇಕು. ಕೆಲಸ ಕಲಿಯುವ ಆಸೆಗೆ ಅದನ್ನೂ ನುಂಗಿಕೊಂಡಿದ್ದೆ.

ಒಂದು ದಿನ ಅಸ್ಸಾಮಿನಿಂದ ರೈಲಿನಲ್ಲಿ ಮರದ ಪೆಟ್ಟಿಗೆಯೊಂದು ಬಂತು. ಅಲ್ಲಿನ ಹಳೆಯ ಎಣ್ಣೆಬಾವಿಗಳನ್ನು ನೋಡಿಕೊಳ್ಳುವ ಎಂಜಿನಿಯರೊಬ್ಬರು ಕಳಿಸಿದ್ದು. ಒಳಗೆ ಹುಲ್ಲಿನ ನಡುವೆ ಹೆಬ್ಬೆರಳು ಗಾತ್ರದ ಐದು ಮರಳುಗಲ್ಲಿನ ತುಂಡುಗಳು, ಬಾವಿಯ ಆಳದಿಂದ ಕೊರೆದು ತೆಗೆದವು. ಜೊತೆಗೆ ಒಂದು ಡಬ್ಬಿ ಕಚ್ಚಾ ಎಣ್ಣೆ, ಎರಡು ಬಾಟಲಿ ನೀರು, ಎರಡು ಹಾಳೆಯ ಇಂಗ್ಲಿಷ್ ಪತ್ರ.

'ಹಳೇ ಬಾವಿ ಅಂದ್ರೆ ಎಣ್ಣೆ ಮುಗೀತು ಅಂತಲ್ಲ ಕಣಮ್ಮ,' ಎಂದರು ಸಾರ್, ಪತ್ರದ ಮೊದಲ ಹಾಳೆ ಓದುತ್ತ. 'ಅದನ್ನ ಮೇಲಕ್ಕೆ ತಳ್ಳೋ ಒತ್ತಡ ಮುಗೀತು ಅಂತ. ಅರ್ಧಕ್ಕಿಂತ ಜಾಸ್ತಿ ಎಣ್ಣೆ ಒಳಗೇ ಕೂತಿರುತ್ತೆ. ಒಂದು ಬಾವಿಗೆ ನೀರು ಒತ್ತಿ ಇಳಿಸಿದ್ರೆ, ಆ ನೀರು ಎಣ್ಣೇನ ತಳ್ಕೊಂಡು ಪಕ್ಕದ ಬಾವಿಗೆ ತಂದು ಬಿಡುತ್ತೆ.'

'ನೆಲದಡಿ ಎಣ್ಣೆ ಕೆರೆ ಥರ ನಿಂತಿರೋದಿಲ್ವಾ ಸಾರ್?'

'ಕೆರೆ ಎಲ್ಲಿಂದ ಬಂತು? ಬರೀ ಕಲ್ಲು. ಇಟ್ಟಿಗೆ ನೀರು ಹೀರ್ಕೊಂಡಿರುತ್ತಲ್ಲ, ಹಂಗೆ ಕಲ್ಲು ಎಣ್ಣೆ ಹೀರ್ಕೊಂಡಿರುತ್ತೆ.'

ಆ ಕಲ್ಲು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ, ಎಣ್ಣೆಯನ್ನು ಹೊರಗೆ ಬಿಡುತ್ತದೆಯೇ ಎಂದು ನಾವು ಪರೀಕ್ಷಿಸಿ ಹೇಳಬೇಕಿತ್ತು. ಹೌದು ಎಂದರೆ ಆ ಬಾವಿಗಳಿಗೆ ಇನ್ನಷ್ಟು ವರ್ಷ ಆಯುಸ್ಸು. ಇಲ್ಲ ಎಂದರೆ ಮುಚ್ಚುವುದೇ. ಊರಿಗೆ ಊರೇ ಈ ಬಾವಿಗಳ ಮೇಲೆ ಬದುಕುತ್ತಿದೆ, ದಯವಿಟ್ಟು ಎಚ್ಚರಿಕೆಯಿಂದ ನೋಡಿ ಎಂದು ಎಂಜಿನಿಯರು ಬರೆದಿದ್ದರು.

ಬಾಟಲಿಗಳಲ್ಲಿದ್ದದ್ದು ಅದೇ ಬಾವಿಯಲ್ಲಿ ಎಣ್ಣೆಯ ಜೊತೆ ಮೇಲೆ ಬರುವ ನೀರು. ಕಂದುಬಣ್ಣ, ಸೀಮೆಎಣ್ಣೆಯ ವಾಸನೆ. ಸಾರ್ ಮುಚ್ಚಳ ತೆಗೆದವರೇ ಮೂಗು ಮುಚ್ಚಿಕೊಂಡರು. 'ಥೂ, ಏನಮ್ಮ ಇದು ಗಲೀಜು! ಮೋರಿಗೆ ಸುರಿ. ಪರೀಕ್ಷೆ ಅಂದ್ಮೇಲೆ ಶುದ್ಧವಾದ ನೀರಲ್ಲೇ ಮಾಡ್ಬೇಕು.' ನಾನು ಸುರಿದೆ, ನನ್ನ ಕೈಯಾರೆ ಸುರಿದೆ. ಅಷ್ಟು ದೂರದಿಂದ ಯಾಕೆ ಕಳಿಸಿದ್ದಾರೋ ಪತ್ರ ಪೂರ್ತಿ ಓದಿ ನೋಡೋಣ ಎನ್ನುವ ಬುದ್ಧಿ ನನಗೂ ಬರಲಿಲ್ಲ. ಆ ಮಟ್ಟಿಗೆ ತಪ್ಪು ನನ್ನದೂ ಹೌದು. ಅದನ್ನು ಯಾರು ಕೇಳಿದರೂ ಒಪ್ಪಿಕೊಳ್ಳುತ್ತೇನೆ.

ಪರೀಕ್ಷೆಯ ಕ್ರಮ ಕಷ್ಟದ್ದೇನಲ್ಲ. ಕಲ್ಲನ್ನು ಅವರ ಎಣ್ಣೆಯಲ್ಲೇ ನೆನೆಸಿ, ರಬ್ಬರು ಸುತ್ತಿ, ಉಕ್ಕಿನ ಕೊಳವೆಯೊಳಗೆ ಬಿಗಿಯಾಗಿ ಕೂರಿಸಬೇಕು. ಒಂದು ಕಡೆಯಿಂದ ಕೈಪಂಪಿನಲ್ಲಿ ನೀರು ಒತ್ತಬೇಕು. ಇನ್ನೊಂದು ಕಡೆ ಅಳತೆಯ ಗಾಜಿನ ಕೊಳವೆ ಹಿಡಿದು, ಹೊರಬಂದ ಎಣ್ಣೆ ಎಷ್ಟು, ನೀರು ಎಷ್ಟು ಎಂದು ಬರೆದುಕೊಳ್ಳಬೇಕು. ಮೊದಲ ಕಲ್ಲಿಗೆ ಸಾರ್ ಜಾಡಿಯ ನೀರು ಹೊಯ್ದು ಕೊಟ್ಟರು. ನಾನು ಪಂಪು ಒತ್ತಿದೆ. ಆರೇಳು ಹನಿ ಎಣ್ಣೆ ಬಂತು, ಆಮೇಲೆ ನಿಂತೇ ಹೋಯಿತು. ಒತ್ತಡ ತೋರಿಸುವ ಮುಳ್ಳು ಮೇಲೇರುತ್ತಲೇ ಇತ್ತು, ಕಲ್ಲಿನಿಂದ ಒಂದು ಹನಿ ಇಲ್ಲ. ಎರಡನೆಯ ಕಲ್ಲೂ ಹಾಗೇ, ಮೂರನೆಯದೂ ಹಾಗೇ. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು.

'ಕೈ ತೊಳ್ಕೊಂಡು ಮುಟ್ಟಿದ್ಯಾ?' ಎಂದು ಕೇಳಿದರು ಸಾರ್.

'ತೊಳ್ಕೊಂಡೇ ಮುಟ್ಟಿದೆ ಸಾರ್.'

'ತಲೆಗೆ ಅಷ್ಟು ಎಣ್ಣೆ ಹಚ್ಕೊಂಡು ಬರ್ತೀಯ. ಅದೇ ಕೈಯಲ್ಲಿ ಕಲ್ಲು ಮುಟ್ತೀಯ. ಇನ್ನೇನಾಗುತ್ತೆ?'

ಮೈ ಉರಿದುಹೋಯಿತು. ಎಣ್ಣೆಯಲ್ಲೇ ಮುಳುಗಿಸಿದ ಕಲ್ಲಿಗೆ ನನ್ನ ಜಡೆಯ ಎಣ್ಣೆಯಿಂದ ಏನು ಕೇಡು? ಉಳಿದ ಎರಡು ಕಲ್ಲು ಮುಟ್ಟಬೇಡ ಎಂದು ಹೇಳಿ, ಸಾರ್ ಅವತ್ತೇ ಅಸ್ಸಾಮಿಗೆ ಪತ್ರ ಹಾಕಿದರು. ಈ ಕಲ್ಲು ನೀರು ತೆಗೆದುಕೊಳ್ಳುವುದಿಲ್ಲ ಎಂದು ಎರಡೇ ಸಾಲು.

ಹೀಗೆ ನೀರು ಬಿಡದೆ ಕಟ್ಟಿಕೊಂಡ ಮೂರು ಕಲ್ಲುಗಳಲ್ಲಿ ಒಂದನ್ನು ನಾನು ಸುತ್ತಿಗೆಯಲ್ಲಿ ಒಡೆದು ನೋಡಿದೆ. ಎಸೆಯುವ ಕಲ್ಲು ತಾನೆ. ಒಡೆದ ಕಡೆ ಬೆರಳಿಟ್ಟರೆ ಜಾರುತ್ತಿತ್ತು, ಮರಳಿನ ನಡುವೆ ಜೇಡಿಯಂಥದ್ದೇನೋ ಉಬ್ಬಿಕೊಂಡಿತ್ತು. ಒಂದು ಚೂರನ್ನು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಹೋದೆ.

ಮನೆಯಲ್ಲಿ ಅವ್ವ ತಪ್ಪಲೆ ಬಟ್ಟಲುಗಳನ್ನೆಲ್ಲ ನೆಲಕ್ಕೆ ಹರಡಿ ಕೂತಿದ್ದಳು. ಆ ವರ್ಷದ ಮೊದಲ ಮಳೆಗೇ ತಾರಸಿ ಸೋರುತ್ತಿತ್ತು.

'ಗೌರ್ಮೆಂಟಿನೋರು ಕಟ್ಟಿದ ಮನೆ ನೋಡೇ, ಜಲ್ಡಿ ಆಗೈತೆ! ಸಿಮೆಂಟಂತೆ ಸಿಮೆಂಟು. ನಮ್ಮೂರ ಚೌಳು ಮಣ್ಣು ಒಂದು ಗಾಡಿ ಸಿಕ್ಕಿದ್ರೆ ಹಾಕಿ ಬಿಸಾಕ್ತಿದ್ದೆ.'

ನಮ್ಮ ಸೀಮೆಯಲ್ಲಿ ಮನೆಗಳಿಗೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಹೊಲದ ಬದಿಯಿಂದ ಚೌಳು ಮಣ್ಣು ತಂದು ಮಾಳಿಗೆಯ ಮೇಲೆ ಹರಡುವುದು ಪ್ರತಿವರ್ಷದ ಕೆಲಸ. ಬೆಳೆ ಬೆಳೆಯದ ಮಣ್ಣು ಅದು, ಬೇರೆ ಯಾವುದಕ್ಕೂ ಬಾರದು. ಮಾಳಿಗೆಗೆ ಹಾಕಿದರೆ ಮಾತ್ರ ಎಂಥ ಜಡಿಮಳೆಗೂ ಒಂದು ತೊಟ್ಟು ಕೆಳಗೆ ಇಳಿಯುವುದಿಲ್ಲ.

ನಾನು ಕಲ್ಲಿನ ಚೂರನ್ನು ಅವಳ ಕೈಗೆ ಕೊಟ್ಟೆ. ಅವ್ವ ಎರಡು ಬೆರಳಲ್ಲಿ ಉಜ್ಜಿ ನೋಡಿದಳು.

'ಎಲ್ಲಿ ಸಿಕ್ತೇ ಇದು? ಒದ್ದೆ ಚೌಳು ಜಾರಿದಂಗೆ ಜಾರ್ತೈತೆ!'

'ಅವ್ವ, ಚೌಳು ಯಾಕೆ ಸೋರಲ್ಲ?'

'ಯಾಕೆ ಅಂದ್ರೆ? ಮಳೆನೀರು ಬಿದ್ದ ಕೂಡ್ಲೆ ಉಬ್ಬಿ ಬಾಯಿ ಮುಚ್ಕಂತೈತೆ. ಸಣ್ಣೋಳಿದ್ದಾಗ ನೀನು ಉಪ್ಪಿನಕಾಯಿ ಭರಣಿ ಒಡೆದು ಉಪ್ಪುನೀರೆಲ್ಲ ಮಾಳಿಗೆ ಮ್ಯಾಲೆ ಚೆಲ್ಲಿದ್ಯಲ್ಲ, ಆಮ್ಯಾಲೆ ಅದೊಂದೇ ಜಾಗ ಸೋರ್ತು. ಬೆನ್ನಿಗೆ ಬಿದ್ದಿದ್ದು ಮರ್ತ್ಯಾ? ಉಪ್ಪು ಕುಡಿದ ಚೌಳು ಬಾಯಿ ಮುಚ್ಚಲ್ಲ ಕಣೇ.'

ಏಟು ಬಿದ್ದದ್ದು ನೆನಪಿತ್ತು. ಯಾಕೆ ಸೋರಿತೆಂಬುದು ಮರೆತುಹೋಗಿತ್ತು. ಸೋರುವ ಹನಿಗಳ ನಡುವೆ ನಿಂತು ನಾನು ಜೋರಾಗಿ ನಕ್ಕುಬಿಟ್ಟೆ. ಇವಳಿಗೇನು ತಲೆ ಕೆಟ್ಟಿತೇ ಎಂಬಂತೆ ಅವ್ವ ನೋಡಿದಳು. ಸಿಹಿನೀರಿಗೆ ಆ ಕಲ್ಲಿನೊಳಗಿನ ಜೇಡಿ ಉಬ್ಬಿ ದಾರಿ ಮುಚ್ಚುತ್ತಿದೆ, ಉಪ್ಪುನೀರಿಗೆ ಮುಚ್ಚಲಿಕ್ಕಿಲ್ಲ. ನಾನು ಮೋರಿಗೆ ಸುರಿದ ಆ ಕಂದುನೀರು ಹೇಗಿತ್ತೋ!

ಮಾರನೆಯ ದಿನ ಸಾರ್ ಯಾವುದೋ ಕೆಲಸಕ್ಕೆ ಸಿಟಿಗೆ ಹೋಗಿದ್ದರು. ಫೈಲು ತೆಗೆದು ಪತ್ರದ ಎರಡನೆಯ ಹಾಳೆ ಓದಿದೆ. ಸಾರ್ ಅದನ್ನು ತಿರುವಿಯೇ ಇರಲಿಲ್ಲವೋ, ತಿರುವಿಯೂ ಲೆಕ್ಕಕ್ಕೆ ಇಟ್ಟಿರಲಿಲ್ಲವೋ ದೇವರೇ ಬಲ್ಲ. ಸ್ಪಷ್ಟವಾಗಿ ಬರೆದಿತ್ತು: ನಮ್ಮ ಕಲ್ಲಿನೊಳಗಿನ ನೀರು ಉಪ್ಪು, ಪರೀಕ್ಷೆಗೆ ಈ ಬಾಟಲಿಗಳ ನೀರನ್ನೇ ಬಳಸಿ. ನೀರಿನಲ್ಲಿ ಎಷ್ಟು ಉಪ್ಪಿದೆ ಎಂಬುದನ್ನೂ ಕೊಟ್ಟಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು. ಅವ್ವನ ಡಬ್ಬಿಯಿಂದ ಪೊಟ್ಟಣ ಕಟ್ಟಿ ತಂದಿದ್ದ ಕಲ್ಲುಪ್ಪನ್ನು ಅದೇ ಲೆಕ್ಕಕ್ಕೆ ತೂಗಿ, ನೀರಿಗೆ ಹಾಕಿ ಕದಡಿ, ಸೋಸುಕಾಗದದಲ್ಲಿ ಸೋಸಿದೆ. ನೀರು ಯಾವುದು ಅಂತೀರಾ? ಮುಟ್ಟಬಾರದ ಆ ಜಾಡಿಯದ್ದೇ. ನಾನೇ ಸ್ಟೂಲು ಹತ್ತಿ ಇಳಿಸಿಕೊಂಡೆ.

ಮುಟ್ಟಬೇಡ ಎಂದಿದ್ದ ನಾಲ್ಕನೆಯ ಕಲ್ಲನ್ನು ಕೊಳವೆಯೊಳಗೆ ಕೂರಿಸಿ ಪಂಪು ಒತ್ತಿದೆ. ಹನಿ ಬಂತು. ಇನ್ನೊಂದು ಬಂತು. ಮುಳ್ಳು ಒಂದೇ ಕಡೆ ನಿಂತಿತು, ಹನಿಗಳು ನಿಲ್ಲಲಿಲ್ಲ. ಗಾಜಿನ ಕೊಳವೆಯಲ್ಲಿ ಕಪ್ಪು ಎಣ್ಣೆ ಗೀಟಿನಿಂದ ಗೀಟಿಗೆ ಏರಿತು. ಎಷ್ಟೋ ಹೊತ್ತಿನ ಮೇಲೆ ಎಣ್ಣೆಯ ಕೆಳಗೆ ನೀರು ಕಾಣಿಸಿತು, ತನ್ನ ಮುಂದಿದ್ದ ಎಣ್ಣೆಯನ್ನೆಲ್ಲ ತಳ್ಳಿಕೊಂಡು ಬಂದ ನೀರು. ನಾನು ಒಬ್ಬಳೇ ಆ ಶೆಡ್ಡಿನಲ್ಲಿ ಚಪ್ಪಾಳೆ ತಟ್ಟಿದೆ.

ಸಾರ್ ವಾಪಸು ಬಂದಾಗ ಮೊದಲು ಕಂಡದ್ದು ಕೆಳಗಿಳಿದಿದ್ದ ಜಾಡಿ. 'ಯಾರು ಇದನ್ನ ಮುಟ್ಟಿದ್ದು?' ಎಂದು ಕೂಗಿಕೊಂಡೇ ಬಂದವರು ಗಾಜಿನ ಕೊಳವೆ ನೋಡಿ, ಏನು ಮಾಡಿದೆ ಎಂದು ಕೇಳಿದರು. ಹೇಳಿದೆ. ಚೌಳು ಮಣ್ಣು, ಮಾಳಿಗೆ, ಅವ್ವ, ಪತ್ರದ ಎರಡನೆಯ ಹಾಳೆ, ಒಂದನ್ನೂ ಬಿಡಲಿಲ್ಲ. ಐದನೆಯ ಕಲ್ಲನ್ನು ನನ್ನ ಎದುರಿಗೇ ಮಾಡು ಎಂದರು. ಮಾಡಿದೆ. ಅದೂ ಎಣ್ಣೆ ಬಿಟ್ಟಿತು. 'ಭೇಷ್!' ಎಂದರು ಸಾರ್, ಮುಖ ಅರಳಿತು. ಆ ಗಳಿಗೆಯಲ್ಲಿ ಅವರು ನಿಜವಾಗಿ ಸಂತೋಷಪಟ್ಟರು, ಅದನ್ನೂ ಹೇಳಬೇಕು.

ಮಾರನೆಯ ದಿನ ನನ್ನ ಮೇಜಿನ ಮೇಲೆ ಒಂದು ಟೈಪು ಮಾಡಿದ ಕಾಗದ ಇತ್ತು. ಮೊದಲಿನ ಪರೀಕ್ಷೆಗಳಲ್ಲಿ ಸಹಾಯಕಿ ಶುಚಿಯಾಗಿ ಕೆಲಸ ಮಾಡದ ಕಾರಣ ಫಲಿತಾಂಶ ತಪ್ಪಾಗಿ ಬಂತು, ಅದನ್ನು ಆಕೆ ಒಪ್ಪಿಕೊಂಡಿದ್ದಾಳೆ, ಶುದ್ಧವಾಗಿ ಮತ್ತೆ ಪರೀಕ್ಷಿಸಿದಾಗ ಕಲ್ಲು ನೀರನ್ನು ತೆಗೆದುಕೊಂಡಿತು ಎಂದು ಬರೆದಿತ್ತು. ಕೆಳಗೆ ನನ್ನ ಸಹಿಗೆ ಜಾಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಆ ಎಮ್ಮೆ ನಾನು.

'ಇದರಲ್ಲಿ ಉಪ್ಪಿನ ಮಾತೇ ಇಲ್ವಲ್ಲ ಸಾರ್,' ಎಂದೆ.

'ಉಪ್ಪು ಅಂತ ಬರೆದ್ರೆ, ನಾವು ಕಳಿಸಿದ ನೀರು ಏನ್ ಮಾಡಿದ್ರಿ ಅಂತ ಕೇಳ್ತಾರೆ. ಮೋರಿಗೆ ಸುರಿದ್ವಿ ಅಂತ ಹೇಳೋಕಾಗುತ್ತಾ?'

'ಬರೀದೆ ಇದ್ರೆ ಅವರು ಹತ್ರದ ಹೊಳೆನೀರನ್ನೇ ಇಳಿಸ್ತಾರೆ, ಅದು ಸಿಹಿನೀರು. ಕಲ್ಲು ಕಟ್ಕೊಂಡು ಬಾವಿ ಸತ್ತೇಹೋಗುತ್ತೆ ಸಾರ್!'

'ಅವರೇನು ದಡ್ಡರಾ? ನೋಡ್ಕೋತಾರೆ ಬಿಡು. ಮೂವತ್ತು ವರ್ಷದಿಂದ ಸಂಪಾದಿಸಿರೋ ಹೆಸರಮ್ಮ ನಂದು. ನಿನ್ನನ್ನ ಯಾರು ಕೇಳ್ತಾರೆ? ಒಂದು ಸಹಿ, ಮುಗೀತು. ಕೆಲಸ ಭದ್ರವಾಗಿರುತ್ತೆ.'

'ಹಾಕಲ್ಲ ಸಾರ್.'

'ಹಾಗಾದ್ರೆ ನಾಳೆ ನಿಮ್ಮ ತಂದೇನ ಕರ್ಕೊಂಡು ಬಾ. ಅವರ ಮುಂದೇನೇ ಹಾಕು, ಇಲ್ಲ ಅವರ ಜೊತೇಲೇ ಮನೆಗೆ ಹೋಗು.'

ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಎಂದು ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಬೆಳಿಗ್ಗೆ ಎದ್ದು, ಜಡೆ ಹಾಕಿಕೊಂಡು, ಹೋಗಬೇಕಾದ ಒಂದು ಜಾಗ ಇದೆ ಎನ್ನುವುದೇ ದೊಡ್ಡ ಸುಖವಾಗಿತ್ತು. ನಮ್ಮ ಬೀದಿಯಲ್ಲಿ ಬೇರೆ ಯಾವ ಹುಡುಗಿಗೂ ಅಂಥ ಜಾಗವಿರಲಿಲ್ಲ. ಅದನ್ನು ಬಿಟ್ಟು ಮನೆಯಲ್ಲಿ ಕೂರುವುದನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಅಪ್ಪ ಗಿರಣಿಗೆ ಅರ್ಧ ದಿನ ರಜೆ ಹಾಕಿ ಬಂದರು. ಜೀವಮಾನದಲ್ಲಿ ಮೇಲಿನವರಿಗೆ ಎದುರು ಮಾತಾಡಿದವರಲ್ಲ. ದಾರಿಯುದ್ದಕ್ಕೂ ಒಂದೇ ಮಾತು. 'ದೊಡ್ಡೋರ ಎದುರು ನಿಂತ್ಕಬಾರ್ದವ್ವ. ಒಂದು ಸಹಿ ತಾನೆ, ಹಾಕಿ ಕೈ ತೊಳ್ಕ.' ಅಪ್ಪ ಹಾಗೆನ್ನುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು.

ಸಾರ್ ಕುರ್ಚಿ ತೋರಿಸಿದರು. ಅಪ್ಪ ಕೂರಲಿಲ್ಲ.

'ಹುಡುಗಿ ಬುದ್ಧಿವಂತೆ. ಆದ್ರೆ ಮಹಾ ಹಟಮಾರಿ,' ಎಂದು ಸಾರ್ ನಕ್ಕರು. 'ನೀವು ಹಿರಿಯರು, ಒಂದು ಮಾತು ಹೇಳಿ.'

'ಹಾಕ್ಬಿಡವ್ವ,' ಎಂದರು ಅಪ್ಪ.

'ಏನು ಬರ್ದೈತೆ ಅಂತ ಮೊದ್ಲು ಕೇಳಪ್ಪ,' ಎಂದು ಆ ಇಂಗ್ಲಿಷ್ ಕಾಗದವನ್ನು ಕನ್ನಡದಲ್ಲಿ ಸಾಲುಸಾಲಾಗಿ ಓದಿ ಹೇಳಿದೆ. ಅಪ್ಪ ತಲೆ ತಗ್ಗಿಸಿಕೊಂಡು ಕೇಳಿದರು. ಮುಗಿದ ಮೇಲೆ ಸಾರ್ ಕಡೆ ನೋಡದೆ ನನ್ನನ್ನೇ ಕೇಳಿದರು.

'ನೀನು ಕೈ ತೊಳ್ಕಂಡೇ ಮುಟ್ಟಿದ್ಯಾ?'

'ಹೂಂ ಅಪ್ಪ.'

'ಉಪ್ಪುನೀರೇ ಹಾಕ್ಬೇಕು ಅಂತ ಇದ್ರಾಗೆ ಎಲ್ಲೈತೆ?'

'ಎಲ್ಲೂ ಇಲ್ಲ.'

'ಹೇಳ್ದಿದ್ರೆ ಅವ್ರ ಬಾವಿ ಹಾಳಾಗ್ತೈತಾ?'

'ಆಗ್ತೈತೆ.'

ಅಪ್ಪ ಸಾರ್‌ಗೆ ಎರಡೂ ಕೈ ಜೋಡಿಸಿ, ಗಿರಣಿಯ ಮೇಸ್ತ್ರಿಯ ಮುಂದೆ ಮಾತಾಡುವಷ್ಟೇ ವಿನಯದಿಂದ ಕೇಳಿದರು.

'ಸ್ವಾಮಿ, ಇಲ್ಲಿ ಪೋಸ್ಟಾಫೀಸು ಎಷ್ಟೊತ್ತಿಗೆ ಮುಚ್ತಾರೆ?'

ಸಾರ್ ಮುಖ ಕೆಂಪಾಯಿತು. ಬಾಗಿಲ ಕಡೆ ಕೈ ತೋರಿಸಿದರು. ಅಷ್ಟಕ್ಕೆ ನನ್ನ ಕೆಲಸ ಮುಗಿಯಿತು.

ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಬರೆದೆ. ಅಂಕಿಗಳೆಲ್ಲ ಬಾಯಿಪಾಠವಾಗಿದ್ದವು. ನೀವು ಕಳಿಸಿದ ನೀರನ್ನು ನಾನೇ ಚೆಲ್ಲಿದೆ, ಸಿಹಿನೀರಿನಲ್ಲಿ ಮೂರು ಕಲ್ಲು ಕಟ್ಟಿಕೊಂಡವು, ಉಪ್ಪುನೀರಿನಲ್ಲಿ ಎರಡು ಕಲ್ಲು ಎಣ್ಣೆ ಬಿಟ್ಟವು, ದಯವಿಟ್ಟು ಹೊಳೆನೀರು ಇಳಿಸಬೇಡಿ ಎಂದು ಬರೆದು, ಹೆಸರು ಹಾಕಿ, ಮನೆಯ ವಿಳಾಸ ಕೊಟ್ಟೆ. ಅಪ್ಪ ರಿಜಿಸ್ಟರು ಮಾಡಿಸಿ ರಸೀತಿಯನ್ನು ಜೇಬಿಗೆ ಇಟ್ಟುಕೊಂಡರು. ವಾಪಸು ಬರುವಾಗ ದಾರಿಯಲ್ಲಿ ಅಪ್ಪ, 'ಹಸಿವಾಗ್ತೈತೇನವ್ವ?' ಎಂದರು.

ಆಮೇಲಿನ ತಿಂಗಳುಗಳು ಚೆನ್ನಾಗಿರಲಿಲ್ಲ. ಅರ್ಜಿ ಹಾಕಿದ ಕಡೆಯಲ್ಲೆಲ್ಲ ಹಿಂದಿನ ಕೆಲಸ ಯಾಕೆ ಬಿಟ್ಟೆ ಎಂದು ಕೇಳುತ್ತಿದ್ದರು. ನಿಜ ಹೇಳುತ್ತಿದ್ದೆ, ಅವರು ಫೈಲು ಮುಚ್ಚುತ್ತಿದ್ದರು. ನೆಂಟರು ಬಂದು ಅವ್ವನ ಮುಂದೆ ಲೊಚಗುಟ್ಟಿ ಹೋಗುತ್ತಿದ್ದರು. ಅವರ ಮುಂದೆ ನಾನು ಒಂದು ದಿನವೂ ತಲೆ ತಗ್ಗಿಸಲಿಲ್ಲ. ಬಚ್ಚಲಲ್ಲಿ ಅತ್ತದ್ದು ಬೇರೆ ಮಾತು.

ಮಳೆಗಾಲ ಮುಗಿದ ಮೇಲೆ ಅಸ್ಸಾಮಿನಿಂದ ನನ್ನ ಹೆಸರಿಗೆ ಪತ್ರ ಬಂತು. ಕಲ್ಲು ನೀರು ತೆಗೆದುಕೊಳ್ಳುತ್ತದೆ ಎಂಬ ಪರೀಕ್ಷಾಲಯದ ವರದಿ ನಂಬಿ ಹೊಳೆಯಿಂದ ನೀರು ತರಲು ಪೈಪು ಹಾಕುವ ಕೆಲಸ ಶುರುವಾಗಿತ್ತು, ನಿಮ್ಮ ಪತ್ರ ನೋಡಿ ನಿಲ್ಲಿಸಿದೆವು ಎಂದು ಎಂಜಿನಿಯರು ಬರೆದಿದ್ದರು. ಈಗ ಎಣ್ಣೆಯ ಜೊತೆ ಬರುವ ಉಪ್ಪುನೀರನ್ನೇ ಸೋಸಿ ಒಂದು ಬಾವಿಗೆ ಇಳಿಸುತ್ತಿದ್ದೇವೆ, ಬಾವಿ ಕುಡಿಯುತ್ತಿದೆ, ಪಕ್ಕದ ಬಾವಿಗಳಲ್ಲಿ ಎಣ್ಣೆ ಎಷ್ಟು ಹೆಚ್ಚುತ್ತದೆ ಎಂಬುದಕ್ಕೆ ಇನ್ನೂ ಕಾಯಬೇಕು. ಕೊನೆಯಲ್ಲಿ ಒಂದು ಸಣ್ಣ ಕೋರಿಕೆ ಇತ್ತು. ನಿಮ್ಮ ಪತ್ರವನ್ನು ನಮ್ಮ ಫೈಲಿಗೆ ಸೇರಿಸಬೇಕು, ಅದರಲ್ಲಿ ತಾವು ಹುದ್ದೆ ನಮೂದಿಸಿಲ್ಲ, ದಯವಿಟ್ಟು ತಿಳಿಸಿ.

ಅವತ್ತೇ ಕಾರ್ಡು ಬರೆದೆ. ಹುದ್ದೆ ಯಾವುದೂ ಇಲ್ಲ, ಸುಳ್ಳು ಕಾಗದಕ್ಕೆ ಸಹಿ ಹಾಕದ್ದಕ್ಕೆ ಕೆಲಸದಿಂದ ತೆಗೆದುಹಾಕಿದರು, ಫೈಲಿನಲ್ಲಿ ಹಾಗೆಯೇ ಬರೆದುಕೊಳ್ಳಿ.